ಟಪಾಲಿನವರ ಅಡ್ಡಹೆಸರು

ಅವರ ಎಡಗಾಲಿನ ಮೀನಖಂಡದ ಮೇಲೆ ನಾಯಿ ಕಚ್ಚಿದ ಮೂರು ಕಲೆಗಳಿದ್ದವು. ಮೂರಕ್ಕೂ ಹೆಸರಿತ್ತು: ಡ್ಯೂಕ್, ಪ್ರಿನ್ಸೆಸ್, ಮತ್ತೆ ಇನ್ನೊಬ್ಬ ಡ್ಯೂಕ್. ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು, ಕಾಲುಚೀಲ ಕೆಳಗಿಳಿಸಿ, ಒಂದೊಂದನ್ನೇ ಬೆರಳಿಟ್ಟು ತೋರಿಸುವಾಗ ಅವರ ಮುಖದಲ್ಲಿ ಯುದ್ಧದ ಪದಕ ತೋರಿಸುವವರ ಹೆಮ್ಮೆ ಇರುತ್ತಿತ್ತು. ಅರವತ್ತು ದಾಟಿದ ಮನುಷ್ಯ ಮೊಣಕಾಲು ಕಾಣುವ ಚಡ್ಡಿ ಹಾಕಿಕೊಂಡು ಸರ್ಕಾರಿ ಕೆಲಸ ಮಾಡುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಅವರು ಅಮೆರಿಕದ ಓಕ್ಲ್ಯಾಂಡಿನಲ್ಲಿ ನಮ್ಮ ಬೀದಿಗೆ ಟಪಾಲು ತರುತ್ತಿದ್ದವರು. ಧಾರವಾಡದ ಕಡೆಯವಳಾದ ನಾನು ಅವರನ್ನು ಮನಸ್ಸಿನಲ್ಲಿ ‘ಟಪಾಲಿನವರು’ ಎಂದೇ ಕರೆಯುತ್ತಿದ್ದೆ, ಈಗಲೂ ಹಾಗೇ ಕರೆಯುತ್ತೇನೆ. ನಾನು ಹೇಳಹೊರಟಿರುವುದು ಅವರ ಅಡ್ಡಹೆಸರಿನ ಕಥೆಯೇ ಆದರೂ ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಹೊತ್ತ ಮಕ್ಕಳು ಮೊಮ್ಮಕ್ಕಳು ಇನ್ನೂ ಇದ್ದಾರೆ. ಒಂದು ಮಾತು: ಬೆಂಗಳೂರಿನವರಿಗೆ ಅಡ್ಡಹೆಸರೆಂದರೆ ತಮಾಷೆಗೆ ಇಟ್ಟ ಹೆಸರು. ನಮ್ಮ ಕಡೆ ಅದು ಮನೆತನದ ಹೆಸರು.

ಎಂಬತ್ತರ ದಶಕದ ಮೊದಲ ವರ್ಷಗಳು. ನನ್ನ ಗಂಡ ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಡಾಕ್ಟರು. ನಾನು ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಮದುವೆಯಾಗಿ, ಆ ಊರಿನ ಇಳಿಜಾರು ಬೀದಿಯೊಂದರ ಎರಡನೇ ಮಹಡಿಯ ಅಪಾರ್ಟ್‌ಮೆಂಟಿಗೆ ಬಂದವಳು. ವೀಸಾದ ನಿಯಮದಂತೆ ಕೆಲಸ ಮಾಡುವಂತಿರಲಿಲ್ಲ, ಕಾರು ಓಡಿಸಲು ಬರುತ್ತಿರಲಿಲ್ಲ. ಬೆಳಗಿನ ಮಂಜು ಕರಗಿ ಬಿಸಿಲು ಬರುವ ಹೊತ್ತಿಗೆ ಕೆಳಗಿನ ಮೆಟ್ಟಿಲ ಮೇಲೆ ಕೂತು ಅವ್ವನ ನೀಲಿ ಏರೋಗ್ರಾಮಿಗೆ ಕಾಯುವುದೇ ದಿನದ ದೊಡ್ಡ ಕೆಲಸ.

ಟಪಾಲಿನವರಿಗೆ ಒಂದು ನಿಯಮವಿತ್ತು. ಮನೆಯವರು ಹೊರಗೆ ಕಂಡರೆ ಕಾಗದವನ್ನು ಪೆಟ್ಟಿಗೆಗೆ ಹಾಕುತ್ತಿರಲಿಲ್ಲ, ಕೈಗೇ ಕೊಡುತ್ತಿದ್ದರು. ಕೊಡುವ ಮುಂಚೆ ಎರಡು ಬೆರಳ ನಡುವೆ ಹಿಡಿದು ತೂಗುತ್ತಿದ್ದರು. “ತೆಳ್ಳಗಿದೆ. ಒಳ್ಳೆಯ ಸುದ್ದಿ” ಎನ್ನುವರು. ಸುಖವಾಗಿರುವವರು ಚಿಕ್ಕದಾಗಿ ಬರೆಯುತ್ತಾರೆ, ಕಷ್ಟದಲ್ಲಿರುವವರು ಪುಟಗಟ್ಟಲೆ ಬರೆಯುತ್ತಾರೆ ಎಂಬುದು ಮೂವತ್ತು ವರ್ಷ ಚೀಲ ಹೊತ್ತು ಅವರು ಕಂಡುಕೊಂಡ ಸಿದ್ಧಾಂತ. ಏರೋಗ್ರಾಮು ಯಾವಾಗಲೂ ಒಂದೇ ಹಾಳೆ ಎಂದು ನಾನು ಅವರಿಗೆ ಹೇಳಲಿಲ್ಲ.

ಒಂದು ದಿನ ಲಕೋಟೆಯ ಮೇಲಿನ ನಮ್ಮ ಹೆಸರನ್ನು ಬೆರಳಿನಿಂದ ಸವರುತ್ತ ಕೇಳಿದರು. “ಇದನ್ನು ಹೇಗೆ ಹೇಳಬೇಕು ಮೇಡಂ? ವರ್ಷದಿಂದ ತಂದುಕೊಡುತ್ತಿದ್ದೇನೆ, ಬಾಯಲ್ಲಿ ಹೇಳಲು ಬರುವುದಿಲ್ಲ ಅಂದರೆ ನಾಚಿಕೆ.” (ಅವರು ಆಡಿದ್ದೆಲ್ಲ ಇಂಗ್ಲಿಷಿನಲ್ಲಿ. ಇಷ್ಟು ವರ್ಷಗಳಲ್ಲಿ ನನ್ನ ನೆನಪಿನೊಳಗೆ ಅದು ಕನ್ನಡವಾಗಿಬಿಟ್ಟಿದೆ.)

“ದೊಡ್ಡಮನಿ” ಎಂದೆ. “ಅಂದರೆ ದೊಡ್ಡ ಮನೆ.”

ಅವರು ತಲೆ ಎತ್ತಿ ನಮ್ಮ ಒಂದೇ ಕೋಣೆಯ ಅಪಾರ್ಟ್‌ಮೆಂಟಿನ ಕಿಟಕಿ ನೋಡಿದರು. ನಾನೂ ನೋಡಿದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನನ್ನ ತವರಿನ ಅಡ್ಡಹೆಸರು ಹುಣಸಿಮರದ ಎಂದು ಹೇಳಿದ ಮೇಲಂತೂ, “ಅಂದರೆ ನೀವು ಮರದಿಂದ ಇಳಿದು ದೊಡ್ಡ ಮನೆಗೆ ಬಂದಿರಿ!” ಎಂದು ಚೀಲವನ್ನು ಕೆಳಗಿಟ್ಟೇ ನಕ್ಕರು. ಅಂದಿನಿಂದ ನಾನು ಅವರ ಬಾಯಲ್ಲಿ ಮಿಸೆಸ್ ಬಿಗ್ ಹೌಸ್ ಆದೆ.

ಆಮೇಲೆ ತಮ್ಮ ಹೆಸರನ್ನು ಹೇಳಿದರು. ತಾತ ಆಸ್ಟ್ರಿಯಾದಿಂದ ಬಂದವರಂತೆ. ಹೆಸರಿನ ಅರ್ಥ ಗೊತ್ತಿಲ್ಲ, ಆದರೆ ಯಾವುದೋ ಕೋಟೆಯ ಒಡೆಯರ ವಂಶವೆಂದು ಮನೆಯಲ್ಲಿ ಮಾತಿದೆ. ಅವರಕ್ಕ ಪತ್ರಿಕೆಯ ಜಾಹೀರಾತು ನೋಡಿ, ವಂಶದ ಲಾಂಛನವೆಂದು ಒಂದು ಸಿಂಹದ ಫಲಕವನ್ನು ಅಂಚೆಯಲ್ಲಿ ತರಿಸಿ ಗೋಡೆಗೆ ಹಾಕಿದ್ದಾರೆ.

ನಾನು ಆ ಹೆಸರನ್ನು ಬಾಯಲ್ಲಿ ಎರಡು ತುಂಡು ಮಾಡಿದೆ. “ಮೊದಲರ್ಧ ಅಂದರೆ ಮೇಲಿನ. ಉಳಿದರ್ಧ ಬಾವಿ, ಇಲ್ಲವೇ ನೀರಿನ ಬುಗ್ಗೆ. ನಿಮ್ಮದು ಮೇಲಿನ ಬುಗ್ಗೆ.”

ಅವರು ಟೋಪಿ ತೆಗೆದರು. “ನಿಮಗೆ ಜರ್ಮನ್ ಬರುತ್ತದೆಯೇ?”

ಬರುತ್ತದೆ ಎನ್ನುವುದು ದೊಡ್ಡ ಮಾತು. ನಮ್ಮ ಕಾಲದಲ್ಲಿ ರಸಾಯನಶಾಸ್ತ್ರ ಓದುವವರು ಹಳೆಯ ಸಂಶೋಧನಾ ಲೇಖನಗಳಿಗಾಗಿ ಒಂದಿಷ್ಟು ಜರ್ಮನ್ ಕಲಿಯಬೇಕಿತ್ತು. ನಾನು ಆಸೆಪಟ್ಟು ಎರಡು ವರ್ಷ ಕಲಿತಿದ್ದೆ. ಆಮ್ಲ, ಲವಣ, ಗಷ್ಟು, ಸೋಸುವಿಕೆ ಎಲ್ಲ ಗೊತ್ತು. ಅಜ್ಜಿಗೆ ಏನೆನ್ನುತ್ತಾರೆಂದು ಗೊತ್ತಿರಲಿಲ್ಲ.

ಅದರಿಂದ ಅವರಿಗೇನೂ ಅಡ್ಡಿಯಾಗಲಿಲ್ಲ. ಮುಂದಿನ ಭಾನುವಾರ ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟು, ಒಂದು ಕೈಯಲ್ಲಿ ಹಿತ್ತಿಲ ನಿಂಬೆಹಣ್ಣಿನ ಚೀಲ, ಇನ್ನೊಂದರಲ್ಲಿ ತಗಡಿನ ಪೆಟ್ಟಿಗೆ ಹಿಡಿದು ಬಂದರು. ಪೆಟ್ಟಿಗೆಯಲ್ಲಿ ತಾತನ ಒಂದು ಭಾವಚಿತ್ರ ಮತ್ತು ಅಂಗೈಯಗಲದ ಪ್ರಾರ್ಥನಾ ಪುಸ್ತಕ. ಪುಸ್ತಕದ ಒಳರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಒಂದು ಹಳ್ಳಿಯ ಹೆಸರು.

“ನಿವೃತ್ತಿಗೆ ಎರಡು ವರ್ಷ ಇದೆ” ಎಂದರು. “ಇಷ್ಟು ವರ್ಷ ಊರಿನವರ ಬಾಗಿಲಿಗೆಲ್ಲ ನಾನೇ ಹೋದೆ. ನನ್ನವರ ಬಾಗಿಲು ಯಾವುದು ಅಂತ ಒಮ್ಮೆ ನೋಡಬೇಕು.”

ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಮಕ್ಕಳು ದೂರದೂರಿನಲ್ಲಿ. ಆ ಹಳ್ಳಿಯ ಚರ್ಚಿನಲ್ಲಿ ಹಳೆಯ ಜನನ ದಾಖಲೆಗಳಿರುತ್ತವೆ ಎಂದು ಯಾರೋ ಹೇಳಿದ್ದರು. ಆ ಚರ್ಚಿನ ಪಾದ್ರಿಗಳಿಗೆ ನಾವಿಬ್ಬರೂ ಕೂಡಿ ಪತ್ರ ಬರೆದೆವು. ನನಗೆ ಬರುತ್ತಿದ್ದ ಜರ್ಮನ್ ಪ್ರಯೋಗಶಾಲೆಯದು. ಹಾಗಾಗಿ ಪತ್ರದ ಕೊನೆಯ ಸಾಲು ಹೀಗೆ ಬಂತು: “ಸದರಿ ಕುಟುಂಬದ ಅಂಶವು ತಮ್ಮ ಗ್ರಾಮದಲ್ಲಿ ಕಂಡುಬರುವುದೋ ಇಲ್ಲವೋ ಎಂಬುದನ್ನು ಪರೀಕ್ಷಿಸಿ ಫಲಿತಾಂಶವನ್ನು ತಿಳಿಸತಕ್ಕದ್ದು.”

ನನ್ನ ಗಂಡನಿಗೆ ಓದಿ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕರು. “ಪಾಪ, ಆ ಪಾದ್ರಿ ರಕ್ತಾ ಪರೀಕ್ಷಾ ಮಾಡಾಕ ಹೇಳ್ಯಾರ ಅಂತ ತಿಳ್ಕೋತಾನ.”

ಸುಮಾರು ಎರಡು ತಿಂಗಳ ನಂತರ ಉತ್ತರ ಬಂತು. ಪತ್ರಕ್ಕೆ ರುಜು ಹಾಕಿದವಳು ನಾನಾದ್ದರಿಂದ ಅದು ನನ್ನ ಹೆಸರಿಗೇ ಬಂದಿತ್ತು, ತಂದವರು ಟಪಾಲಿನವರೇ. ಎಂದಿನಂತೆ ಬೆರಳ ನಡುವೆ ಹಿಡಿದರು. ಈ ಸಲ ಲಕೋಟೆ ದಪ್ಪಗಿತ್ತು.

“ಈಗಲೇ ಒಡೆಯೋಣವೇ?” ಎಂದೆ.

“ಛೆ, ಡ್ಯೂಟಿಯಲ್ಲಿದ್ದೇನೆ. ಯೂನಿಫಾರ್ಮು ಹಾಕಿಕೊಂಡು ಇನ್ನೊಬ್ಬರ ಕಾಗದ ಓದಿಸಿಕೊಂಡು ಕೂರುವುದೇ? ಇನ್ನೂ ಅರ್ಧ ಬೀದಿ ಬಾಕಿ ಇದೆ. ನಾಲ್ಕು ಗಂಟೆಗೆ ಬರುತ್ತೇನೆ.” ಹೋದರು. ತಿರುವಿನಲ್ಲಿ ಎರಡು ಸಲ ಹಿಂದಿರುಗಿ ನೋಡಿದರು.

ಅಷ್ಟು ಹೊತ್ತು ಕಾಯುವ ಶಕ್ತಿ ನನಗಿರಲಿಲ್ಲ. ನಿಘಂಟು ತೆಗೆದುಕೊಂಡು ಕೂತೆ. ಟೈಪು ಮಾಡಿದ ನಾಲ್ಕು ಪುಟ. ಪಾದ್ರಿಗಳು ಒಳ್ಳೆಯ ಹಾಸ್ಯಗಾರರು. ‘ಗೌರವಾನ್ವಿತ ವಿಜ್ಞಾನಿಗಳೇ’ ಎಂದು ಸಂಬೋಧಿಸಿ, ‘ತಮ್ಮ ಆದೇಶದಂತೆ ಪರೀಕ್ಷೆ ನಡೆಸಲಾಯಿತು’ ಎಂದು ನನ್ನ ಧಾಟಿಯಲ್ಲೇ ಶುರುಮಾಡಿದ್ದರು. ನಗುತ್ತಲೇ ಓದುತ್ತಿದ್ದವಳು ಎರಡನೇ ಪುಟವನ್ನು ನಿಘಂಟು ಹಿಡಿದು ಎರಡೆರಡು ಸಲ ಓದಿದೆ.

ಆ ಹಳ್ಳಿಯಲ್ಲಿ ಅಂಥ ಹೆಸರಿನ ವಂಶವೇ ಇರಲಿಲ್ಲ. ಅದು ಒಂದು ಹೊಲಮನೆಯ ಹೆಸರು. ಆ ಸೀಮೆಯಲ್ಲಿ ಮನುಷ್ಯರಿಗೆ ಇರುವಂತೆ ಹೊಲಮನೆಗೂ ಹೆಸರಿರುತ್ತದೆ, ಆ ಮನೆಯಲ್ಲಿ ಇರುವವರನ್ನು, ಒಡೆಯನಾಗಲಿ ಆಳಾಗಲಿ, ಊರು ಆ ಹೆಸರಿನಿಂದಲೇ ಕರೆಯುತ್ತದೆ. ನಮ್ಮ ಟಪಾಲಿನವರ ತಾತ ಹುಟ್ಟಿದ್ದು ಆ ಮನೆಯ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ. ತಾಯಿ ಯೂಲಿಯಾನಾ, ಮನೆಗೆಲಸದವಳು, ಮದುವೆಯಾಗಿರಲಿಲ್ಲ. ತಂದೆಯ ಹೆಸರು ಬರೆಯುವ ಜಾಗದಲ್ಲಿ ದಾಖಲೆಯವರು ಒಂದು ಗೆರೆ ಎಳೆದಿದ್ದಾರೆ. ಹುಡುಗನಿಗೆ ಹತ್ತೊಂಬತ್ತಾದಾಗ ಅಮೆರಿಕಕ್ಕೆ ಹೋದನೆಂದು ಅಂಚಿನಲ್ಲಿ ಟಿಪ್ಪಣಿ ಇದೆ. ಹಡಗಿನಿಂದ ಇಳಿದಾಗ ಹೆಸರೇನೆಂದು ಕೇಳಿದವರಿಗೆ, ಊರು ತನ್ನನ್ನು ಕರೆಯುತ್ತಿದ್ದ ಹೆಸರನ್ನೇ ಹೇಳಿರಬೇಕು ಎಂದು ಪಾದ್ರಿಗಳು ಊಹಿಸಿದ್ದರು.

ನಾಲ್ಕು ಗಂಟೆಗೆ ಸರಿಯಾಗಿ ಬಂದರು. ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ, ಕಾಫಿ ಕೊಟ್ಟು, ಏನನ್ನೂ ಮುಚ್ಚದೆ ಓದಿ ಹೇಳಿದೆ. ತಗ್ಗಿಸಿ ಹೇಳೋಣವೆಂದು ಒಂದು ಗಳಿಗೆ ಅನ್ನಿಸಿದ್ದು ನಿಜ. ಆದರೆ ಮೂವತ್ತು ವರ್ಷ ಒಂದು ಕಾಗದವನ್ನೂ ಬೇರೆಯವರ ಬಾಗಿಲಿಗೆ ಹಾಕದ ಮನುಷ್ಯನಿಗೆ ಅರ್ಧ ಪತ್ರ ಕೊಡುವುದು ಹೇಗೆ? ಕಾಫಿ ಮುಗಿಸಿದರು, ಲೋಟ ತೊಳೆದಿಟ್ಟರು, “ಥ್ಯಾಂಕ್ ಯೂ ಮೇಡಂ” ಎಂದರು. ಮಿಸೆಸ್ ಬಿಗ್ ಹೌಸ್ ಎನ್ನಲಿಲ್ಲ.

ಮರುದಿನದಿಂದ ನಾನು ಮೆಟ್ಟಿಲ ಮೇಲೆ ಕೂತಿದ್ದರೂ ಕಾಗದ ಪೆಟ್ಟಿಗೆಗೇ ಬೀಳತೊಡಗಿತು. ತಲೆಯಾಡಿಸಿ ಹೋಗಿಬಿಡುತ್ತಿದ್ದರು. ನನಗೆ ಊಟ ಸೇರದಾಯಿತು. ಎರಡನೇ ವಾರ ನನ್ನ ಗಂಡನಿಗೆ ಎಲ್ಲ ಹೇಳಿದೆ. ಅವರು ರಜೆಯ ದಿನ ನನ್ನ ಜೊತೆ ಮೆಟ್ಟಿಲ ಮೇಲೆ ಬಂದು ಕೂತರು. ಟಪಾಲಿನವರು ಬಂದಾಗ ಎದ್ದು ನಿಂತು, ಇಂಗ್ಲಿಷಿನಲ್ಲಿ ನೇರವಾಗಿ ಹೇಳಿದರು.

“ಸರ್, ನಮ್ಮ ಹೆಸರು ದೊಡ್ಡ ಮನೆ. ಆ ದೊಡ್ಡ ಮನೆ ನಮ್ಮದಲ್ಲ. ನನ್ನ ಮುತ್ತಜ್ಜ ಆ ಮನೆಯ ದನ ಕಾಯುತ್ತಿದ್ದರು. ದೊಡ್ಡ ಮನೆಯವನು ಎಂದು ಊರು ಕರೆಯಿತು, ಹೆಸರು ಅಂಟಿಕೊಂಡಿತು.”

ನಾನು ಬಾಯಿ ತೆರೆದು ಗಂಡನ ಮುಖ ನೋಡಿದೆ. “ಇದನ್ನ ನನಗ್ಯಾಕ ಹೇಳಿಲ್ಲ?”

“ಮದುವಿಗೆ ಮೊದಲ ಹೇಳಿದ್ರ ನಿಮ್ಮಪ್ಪ ಹೆಣ್ಣು ಕೊಡ್ತಿದ್ದಿಲ್ಲ. ಮದುವ್ಯಾದ ಮ್ಯಾಲೆ ನೀ ಕೇಳಿಲ್ಲ.”

ನಾವಾಡಿದ ಕನ್ನಡ ಟಪಾಲಿನವರಿಗೆ ಒಂದಕ್ಷರವೂ ತಿಳಿಯಲಿಲ್ಲ. ನನ್ನ ಮುಖ ಮಾತ್ರ ತಿಳಿಯಿತು. ಮೊದಲು ಅವರ ಭುಜ ಅಲುಗಿತು, ಆಮೇಲೆ ಚೀಲ, ಆಮೇಲೆ ಇಡೀ ಮನುಷ್ಯ. ಕಣ್ಣೊರೆಸಿಕೊಳ್ಳುತ್ತ ಮೆಟ್ಟಿಲ ಮೇಲೆ ಕೂತರು.

“ಹತ್ತು ದಿನದಿಂದ ನಡೆಯುತ್ತ ಯೋಚಿಸುತ್ತಿದ್ದೇನೆ. ಜೀವನವಿಡೀ ಹೆಸರು ಒಂದು ಕಡೆ ಓದಿದೆ, ವಿಳಾಸ ಇನ್ನೊಂದು ಕಡೆ ಓದಿದೆ. ನನ್ನ ಹೆಸರೇ ವಿಳಾಸ ಅಂತ ಈಗ ಗೊತ್ತಾಯಿತು ನೋಡಿ!” ಆಮೇಲೆ ದನಿ ತಗ್ಗಿಸಿದರು. “ನನ್ನ ಚಿಂತೆ ನನ್ನದಲ್ಲ. ಅಕ್ಕನಿಗೆ ಹೇಳಬೇಕಲ್ಲ.”

ಅಕ್ಕ ಲಾಸ್ ಗ್ಯಾಟೋಸಿನಲ್ಲಿದ್ದರು. ಹೆಡ್‌ಮಾಸ್ತರರೊಬ್ಬರ ವಿಧವೆ, ಅರವತ್ತಾರು ವರ್ಷ. ಬೆನ್ನು ಸೆಟೆದುಕೊಂಡು ಕೂರುವ, ಬಂದವರ ಬೂಟು ಮೊದಲು ನೋಡುವ ಹೆಂಗಸು ಎಂದು ಟಪಾಲಿನವರು ಮೊದಲೇ ಎಚ್ಚರಿಸಿದ್ದರು. ಮುಂದಿನ ಭಾನುವಾರ ಪತ್ರ ಹಿಡಿದುಕೊಂಡು ಟಪಾಲಿನವರ ಹಳೆಯ ಕಾರಿನಲ್ಲಿ ಅವರೂ ನಾನೂ ಹೋದೆವು. ದಾರಿಯುದ್ದಕ್ಕೂ ಫ್ರೀವೇಯಲ್ಲಿ ಅವರು ಬಲಗಡೆಯ ಲೇನು ಬಿಡಲಿಲ್ಲ. ಎಲ್ಲರೂ ನಮ್ಮನ್ನು ದಾಟಿಕೊಂಡು ಹೋದರು. ನಾನು ಹೊಸ ಚಪ್ಪಲಿ ಹಾಕಿಕೊಂಡಿದ್ದೆ.

ಅಕ್ಕನ ಮನೆಯಲ್ಲಿ ಬೆಂಕಿಗೂಡಿನ ಮೇಲೆ ಆ ಸಿಂಹ ಕೈಯಲ್ಲಿ ಬೀಗದಕೈ ಹಿಡಿದು ನಿಂತಿತ್ತು. ಚಹಾ ಬಂತು, ಬಿಸ್ಕೀಟು ಬಂತು. ಟಪಾಲಿನವರು ಪೀಠಿಕೆ ಹಾಕಿದರು, ಮುಗಿಸಲಾರದೆ ನನ್ನ ಕಡೆ ನೋಡಿದರು. ನಾನು ಓದಿದೆ. ಗೆರೆ ಎಳೆದ ಜಾಗಕ್ಕೆ ಬಂದಾಗ ನನ್ನ ದನಿ ಸಣ್ಣಗಾಯಿತು. ಅಕ್ಕ ಬಟ್ಟಲನ್ನು ತಟ್ಟೆಯ ಮೇಲೆ ಸದ್ದಾಗದಂತೆ ಇಟ್ಟರು.

“ಆ ಹೆಂಗಸಿನ ಹೆಸರು ಇನ್ನೊಂದು ಸಲ ಓದಿ.”

“ಯೂಲಿಯಾನಾ.”

“ಅದನ್ನು ಇಲ್ಲಿ ಜೂಲಿಯಾನಾ ಅನ್ನುತ್ತಾರೆ” ಎಂದರು ಅಕ್ಕ.

ಟಪಾಲಿನವರು ತಟ್ಟನೆ ಅಕ್ಕನ ಕಡೆ ತಿರುಗಿದರು. ನನಗೆ ಅರ್ಥವಾಗಲಿಲ್ಲ. ಅಕ್ಕನೇ ಬಿಡಿಸಿ ಹೇಳಿದರು. ಅದು ಅವರದೇ ಹೆಸರು. ಮನೆಯಲ್ಲಿ ಇನ್ಯಾರಿಗೂ ಇಲ್ಲದ ಆ ಹೆಸರನ್ನು ತಾತ ಹಟ ಹಿಡಿದು ಇಡಿಸಿದ್ದರಂತೆ. ಏಕೆಂದು ಕೇಳಿದರೆ ಹೇಳುತ್ತಿರಲಿಲ್ಲ. ಶಾಲೆಯಲ್ಲಿ ಹುಡುಗಿಯರು ನಕ್ಕರೆಂದು ಅಕ್ಕ ಅದನ್ನು ಜೂಲಿ ಎಂದು ಕತ್ತರಿಸಿಕೊಂಡಿದ್ದರು.

“ನನ್ನನ್ನು ಪೂರ್ತಿ ಹೆಸರು ಹಿಡಿದು ಕರೆಯುತ್ತಿದ್ದವರು ತಾತ ಒಬ್ಬರೇ” ಎಂದರು. “ಕರೆದು, ನಾನು ಓಡಿ ಬಂದ ಮೇಲೆ ಏನೂ ಕೆಲಸ ಹೇಳುತ್ತಿರಲಿಲ್ಲ. ಸುಮ್ಮನೆ ಕರೆಯುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು.”

ಸೆಟೆದಿದ್ದ ಬೆನ್ನು ನಿಧಾನವಾಗಿ ಕುರ್ಚಿಗೆ ಒರಗಿತು. ಅತ್ತರು ಎಂದು ಹೇಳಲಾರೆ, ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ತಮ್ಮ ಎದ್ದು ಹೋಗಿ ಅಕ್ಕನ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆಯೇ ಕೂತರು. ಕೊನೆಗೆ ಅಕ್ಕ ಕನ್ನಡಕ ಹಾಕಿಕೊಂಡು ಗೋಡೆ ನೋಡಿದರು.

“ಆ ಸಿಂಹವನ್ನು ಇಳಿಸು. ಅದರ ಮುಖ ನನಗೆ ಯಾವತ್ತೂ ಹಿಡಿಸಿರಲಿಲ್ಲ.”

ಹಿಂದಿರುಗುವಾಗ ಸಿಂಹ ಕಾರಿನ ಹಿಂದಿನ ಸೀಟಿನಲ್ಲಿ ನಮ್ಮ ಜೊತೆ ಓಕ್ಲ್ಯಾಂಡಿಗೆ ಬಂತು. ಟಪಾಲಿನವರು ದಾರಿಯುದ್ದಕ್ಕೂ ಸಿಳ್ಳೆ ಹಾಕಿದರು, ಒಮ್ಮೆ ಲೇನನ್ನೂ ಬದಲಿಸಿದರು.

ಅದಾದ ಮೇಲಿನ ಚಳಿಗಾಲದಲ್ಲಿ ನಮಗೆ ಗ್ರೀನ್ ಕಾರ್ಡು ಬಂತು. ಆ ಸರ್ಕಾರಿ ಲಕೋಟೆಯನ್ನು ತಂದವರೂ ಅವರೇ. ನಾನು ಕೆಲಸ ಹುಡುಕುತ್ತೇನೆಂದಾಗ, “ಕೆಳಗಿನ ಬೀದಿಯ ಲ್ಯಾಬಿಗೆ ತಿಂಗಳಿಗೆ ಎರಡು ಜರ್ಮನ್ ಪತ್ರಿಕೆ ಬರುತ್ತವೆ” ಎಂದರು. “ವರ್ಷಗಟ್ಟಲೆ ನಾನೇ ಹಾಕುತ್ತಿದ್ದೇನೆ. ಸುತ್ತಿದ ಕಾಗದ ಬಿಚ್ಚದೆ ಹಾಗೇ ಕಪಾಟಿನಲ್ಲಿ ಇಟ್ಟಿರುತ್ತಾರೆ, ಓದುವವರಿಲ್ಲ.” ನಾನು ಬೇಡವೆನ್ನುವ ಮುಂಚೆಯೇ ಅಲ್ಲಿಯ ಮುಖ್ಯಸ್ಥರಿಗೆ ಹೇಳಿಬಂದಿದ್ದರು. ನಾನು ಹೋದಾಗ ಆ ಮುಖ್ಯಸ್ಥರು ಕೇಳಿದ ಮೊದಲ ಪ್ರಶ್ನೆ: “ಆಸ್ಟ್ರಿಯಾದ ಪಾದ್ರಿಗೆ ಪರೀಕ್ಷೆ ಮಾಡಿ ಫಲಿತಾಂಶ ಕಳಿಸು ಎಂದವರು ನೀವೇ ಅಲ್ಲವೇ?” ಬೀದಿಗೆಲ್ಲ ಗೊತ್ತಾಗಿತ್ತು. ಅಲ್ಲಿಂದ ಶುರುವಾದ ಅನುವಾದದ ಕೆಲಸ ನನ್ನನ್ನು ಇಪ್ಪತ್ತೇಳು ವರ್ಷ ಸಾಕಿತು. ಯಾವ ಬಯೋಡೇಟಾದಲ್ಲೂ ನನ್ನ ಶಿಫಾರಸುದಾರ ಚಡ್ಡಿ ಹಾಕಿದ ಟಪಾಲಿನವರೆಂದು ಬರೆಯಲಾಗಲಿಲ್ಲ.

ನಿವೃತ್ತರಾದ ಬೇಸಿಗೆಯಲ್ಲಿ ಅಕ್ಕ ತಮ್ಮ ಇಬ್ಬರೂ ಆ ಹಳ್ಳಿಗೆ ಹೋದರು. ಮೂರು ವಾರ ಇದ್ದರು. ಬಂದ ದಿನವೇ ಟಪಾಲಿನವರು ನಮ್ಮ ಮನೆಗೆ ಬಂದು, ನಾನು ಮಾಡಿದ ಅವಲಕ್ಕಿ ತಿನ್ನುತ್ತ ಎಲ್ಲ ಹೇಳಿದರು. ಹೊಲಮನೆ ಇನ್ನೂ ಇದೆ. ಮೇಲೆ ನಿಜವಾಗಿಯೂ ಒಂದು ಬುಗ್ಗೆ ಇದೆ, ಅಕ್ಕ ಬೂಟು ಬಿಚ್ಚಿ ಅದರಲ್ಲಿ ಕಾಲಿಟ್ಟರಂತೆ. ಯೂಲಿಯಾನಾಳ ಗೋರಿ ಸಿಗಲಿಲ್ಲ. ಅಲ್ಲಿ ಜಾಗ ಕಡಿಮೆ, ಹಳೆಯ ಗೋರಿಯ ಮೇಲೆ ಹೊಸದು ಬರುತ್ತದೆ. ಮನೆಯ ಈಗಿನ ಒಡತಿ ಅಡುಗೆಮನೆಯ ಉದ್ದನೆಯ ಮೇಜಿನ ತುದಿ ತೋರಿಸಿ, ಹಿಂದೆ ಆಳುಗಳು ಕೂರುತ್ತಿದ್ದುದು ಇಲ್ಲಿ ಎಂದಾಗ, ಇಬ್ಬರೂ ಅಲ್ಲೇ ಕೂತು ಉಂಡರು. ಯಜಮಾನರ ತುದಿಗೆ ಬನ್ನಿ ಎಂದು ಒಡತಿ ಎಷ್ಟು ಕರೆದರೂ ಏಳಲಿಲ್ಲ.

“ಉಳಿದ ದಿನ ಏನು ಮಾಡಿದಿರಿ?” ಎಂದು ಕೇಳಿದೆ.

“ಅಲ್ಲಿಯ ಟಪಾಲಿನವನ ಜೊತೆ ಹೋದೆ. ದಿನಾ.” ಮುಖ ಅರಳಿತು. “ಅವನಿಗೆ ಇಂಗ್ಲಿಷ್ ಬರುವುದಿಲ್ಲ, ನನಗೆ ಜರ್ಮನ್ ಬರುವುದಿಲ್ಲ. ಅವನ ಬಲಗಾಲಲ್ಲಿ ಎರಡು ನಾಯಿ ಇವೆ.”

ನಿವೃತ್ತಿಯ ನಂತರವೂ ಅವರು ಬೆಳಿಗ್ಗೆ ಹಳೆಯ ಬೀದಿಗಳಲ್ಲೇ ನಡೆಯುತ್ತಿದ್ದರು, ಬರಿಗೈಯಲ್ಲಿ. ದಶಕ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ ನಡೆದು ಬಂದು, ಹಿತ್ತಿಲ ನಿಂಬೆಗಿಡಕ್ಕೆ ನೀರು ಹಾಕಿ, ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ನೋವಿಲ್ಲದೆ ಹೋದರು. ನಾವು ಆಗ ಓಕ್ಲ್ಯಾಂಡಿಗೆ ಹತ್ತಿರದಲ್ಲೇ ಇರುವ ಡಬ್ಲಿನ್ ಎಂಬ ಊರಿನ ಕಡೆ ಸ್ವಂತ ಮನೆ ಮಾಡಿಕೊಂಡಿದ್ದೆವು. ಅಕ್ಕ ಫೋನು ಮಾಡಿ, ಪತ್ರಿಕೆಗೆ ಕೊಡುವ ನಿಧನವಾರ್ತೆ ಬರೆಯಲು ನೀನು ಬಾ ಎಂದರು. ಪತ್ರ ಬರೆಯುವವಳು ನಮ್ಮ ಮನೆಯಲ್ಲಿ ನೀನೇ ಅಲ್ಲವೇ ಎಂದರು.

ಹೋದೆ. ಅಕ್ಕ ಹೇಳುತ್ತ ಹೋದರು, ನಾನು ಬರೆದೆ. ಆಮೇಲೆ ಅವರೇ ಪತ್ರಿಕೆಯ ಕಚೇರಿಗೆ ಫೋನು ಹಚ್ಚಿ ಓದಿ ಹೇಳಿದರು. ಮೊದಲ ಸಾಲಿಗೇ ಆ ಕಡೆಯವನು ತಡೆದ. ಅವನ ದನಿ ನನಗೂ ಕೇಳಿಸುತ್ತಿತ್ತು. “ಮೇಡಂ, ಸಾಮಾನ್ಯವಾಗಿ ಹೆಂಡತಿ, ಮಕ್ಕಳ ಹೆಸರು ಹಾಕುತ್ತೇವೆ. ಮುತ್ತಜ್ಜಿಯ ಹೆಸರು ಯಾರೂ ಹಾಕಿಸುವುದಿಲ್ಲ.”

ಅಕ್ಕನ ಬೆನ್ನು ಮತ್ತೆ ಸೆಟೆಯಿತು.

“ನಾವು ಹಾಕಿಸುತ್ತೇವೆ” ಎಂದರು. “ಬರೆದುಕೊಳ್ಳಿ. ಮನೆಗೆಲಸದ ಯೂಲಿಯಾನಾಳ ಮರಿಮೊಮ್ಮಗ. ಯೂ ಅಂತ ಹೇಳಬೇಕು. ನಾನು ಕಾಗುಣಿತ ಹೇಳುತ್ತೇನೆ.”

ಒಂದೊಂದೇ ಅಕ್ಷರವನ್ನು ಬಿಡಿಸಿ, ಗಟ್ಟಿಯಾಗಿ, ಎರಡು ಸಲ ಹೇಳಿದರು.